ಇಬ್ಬರು ಬೀಗಿತ್ತಿಯರು, ಒಂದೇ ಬೋರ್ಷ್

ಡಿಸೆಂಬರ್ 2

ಮನಸ್ಸಿನಲ್ಲಿರುವುದನ್ನು ಬರೆದಿಡಿ, ಬಿ.ಪಿ. ತಾನಾಗಿ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಜೀವಮಾನವಿಡೀ ಔಷಧಿ ಅಂಗಡಿಯಲ್ಲಿ ನಿಂತು ಊರಿಗೆಲ್ಲ ಮಾತ್ರೆ ಕೊಟ್ಟವಳು ನಾನು. ನನಗೆ ಈ ಪುಣ್ಯಾತ್ಮ ಬರವಣಿಗೆ ಬರೆದುಕೊಟ್ಟಿದ್ದಾನೆ. ಇರಲಿ, ಇದಕ್ಕೆ ಅಡ್ಡಪರಿಣಾಮವಂತೂ ಇರಲಾರದು.

ನನ್ನ ಬಿ.ಪಿ.ಗೆ ಕಾರಣ ಒಂದೇ. ಅದರ ಹೆಸರು ಲಿದಿಯಾ. ನನ್ನ ಬೀಗಿತ್ತಿ, ಅಂದರೆ ಸೊಸೆ ಯಾನಾಳ ತಾಯಿ. ಹಾರ್ಕಿವ್‌ನಲ್ಲಿ ಟ್ರಾಮ್ ಓಡಿಸುತ್ತಿದ್ದವಳು. ಅವರ ಮನೆಯಿದ್ದ ಕಟ್ಟಡಕ್ಕೆ ಕ್ಷಿಪಣಿ ಬಿದ್ದ ಮೇಲೆ, ಬೇಸಿಗೆಯ ಕೊನೆಯಲ್ಲಿ ತಾಯಿ ಮಗಳು ಇಬ್ಬರೂ ಪೂರ್ವದ ಆ ಊರು ಬಿಟ್ಟು ಪಶ್ಚಿಮದ ನಮ್ಮ ಮನೆಗೆ ಬಂದರು. ನನ್ನ ಮಗ ನಜಾರ್ ರಣರಂಗದಲ್ಲಿದ್ದಾನೆ. ಯಾನಾ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಬೆಳಕು ಹರಿಯುವ ಮೊದಲು ಹೋದರೆ ಕತ್ತಲಾದ ಮೇಲೆ ಬರುತ್ತಾಳೆ. ಹೀಗಾಗಿ ಹಗಲೆಲ್ಲ ಮನೆಯಲ್ಲಿ ನಾನು, ಬೀಗಿತ್ತಿ, ಮತ್ತು ಅಡುಗೆಮನೆ.

ಬನ್ನಿ ಎಂದು ಕರೆದವಳು ನಾನೇ. ಕರೆದದ್ದಕ್ಕೆ ಬೇಸರವಿಲ್ಲ. ಬರುವಾಗ ಬಾಯಿಯನ್ನೂ ಜೊತೆಗೆ ತರುತ್ತಾಳೆ ಎನ್ನುವುದು ಹೊಳೆದಿರಲಿಲ್ಲ, ಅಷ್ಟೆ.

ಇವತ್ತು ಅವಳ ಸರದಿ, ಬೋರ್ಷ್ ಮಾಡಿದಳು. ಬೀಟ್‌ರೂಟ್, ಆಲೂಗಡ್ಡೆ, ಕೋಸು, ಕ್ಯಾರೆಟ್, ಟೊಮ್ಯಾಟೊ, ಮೇಲೆ ಎರಡು ಹಿಡಿ ಬೀನ್ಸ್ ಕಾಳು. ಕೈಗೆ ಸಿಕ್ಕಿದ್ದೆಲ್ಲ ಪಾತ್ರೆಗೆ. ಕೊನೆಗೆ ಚಮಚವನ್ನು ನಡುವೆ ನೆಟ್ಟು ನನ್ನನ್ನು ಕರೆದಳು.

"ನೋಡಿ ಬೀಗ್ರೇ, ಬೀಳಲ್ಲ. ಚಮಚ ನಿಂತ್ರೇನೇ ಬೋರ್ಷು."

"ಚಮಚ ನಿಂತ್ರೆ ಅದು ಸಿಮೆಂಟು ಬೀಗ್ರೇ," ಎಂದೆ.

ನಮ್ಮ ಕಡೆಯ ಬೋರ್ಷ್ ಎಂದರೆ ತಿಳಿಸಾರು. ಬೀಟ್‌ರೂಟ್ ಹುಳಿನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿದರೆ ಬಟ್ಟಲಿನ ತಳದ ಹೂವಿನ ಚಿತ್ತಾರ ಕಾಣಬೇಕು. ನಿನ್ನೆ ನಾನು ಮಾಡಿ ಬಡಿಸಿದಾಗ ಬೀಗಿತ್ತಿ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದಳು. ನೋಡಿ ಕೇಳಿದಳು: "ಇದನ್ನ ಊಟಕ್ಕೆ ಮುಂಚೆ ತಗೋಬೇಕಾ, ಆಮೇಲಾ?"

ಬಿ.ಪಿ. ಜಾಸ್ತಿ.

ಡಿಸೆಂಬರ್ 5

ನಜಾರ್ ಫೋನ್ ಮಾಡಿದ. ರಜೆ ಸಿಕ್ಕಿದೆ. ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟಕ್ಕೆ ಮನೆಯಲ್ಲಿರುತ್ತಾನೆ. ಯಾನಾ ಆಸ್ಪತ್ರೆಯಲ್ಲಿದ್ದಳು, ಅವಳಿಗೆ ಮೊದಲೇ ಹೇಳಿದ್ದನಂತೆ. ನನಗೆ ಅಳು ಬಂತು. ಬೀಗಿತ್ತಿಯೂ ಅತ್ತಳು. ಅವಳು ಅತ್ತರೆ ಪಕ್ಕದ ಬೀದಿಗೆ ಕೇಳುತ್ತದೆ.

ಆಮೇಲೆ ಅವನು ಯಾವಾಗಲೂ ಕೇಳುವುದನ್ನೇ ಕೇಳಿದ: "ಇವತ್ತು ಯಾರ ಬೋರ್ಷು?" ಫೋನಿನ ಸ್ಪೀಕರ್ ಹಾಕಿತ್ತು. ನಾನು ಸಿಮೆಂಟಿನ ಕಥೆ ಹೇಳಿದೆ, ಅವಳು ಅಡ್ಡ ಬಾಯಿ ಹಾಕಿ ಕಷಾಯದ ಕಥೆ ಹೇಳಿದಳು. ನನಗೆ ಅವಳ ಎದುರುತ್ತರ, ಅವಳಿಗೆ ನನ್ನದು. ಅವನು ನಗುತ್ತಲೇ ಇದ್ದ. ಅವನ ಹಿಂದೆ ಇನ್ನೂ ಯಾರೋ ನಕ್ಕ ಹಾಗಿತ್ತು.

ಫೋನ್ ಇಟ್ಟ ಮೇಲೆ ಬೀಗಿತ್ತಿ ಹೇಳಿದಳು, ಬರಲಿ, ಅವನೇ ತಿಂದು ತೀರ್ಪು ಕೊಡಲಿ. ಆಗಲಿ ಎಂದೆ. ಅವಳಿಗೆ ಗೊತ್ತಿಲ್ಲ. ನಜಾರ್ ಚಿಕ್ಕವನಿದ್ದಾಗ ಗೇಟಿನಲ್ಲೇ ನಿಂತು ಮೂಗೆತ್ತಿ, ಇವತ್ತು ಅಮ್ಮ ಅಣಬೆ ಹಾಕಿದ್ದಾಳೆ, ಇವತ್ತು ಹಾಕಿಲ್ಲ ಎಂದು ಹೇಳುತ್ತಿದ್ದ. ಸಾರಿಗೆ ಒಂದು ಎಲೆ ಹೆಚ್ಚು ಬಿದ್ದರೂ ಅವನ ನಾಲಿಗೆಗೆ ಗೊತ್ತಾಗುತ್ತಿತ್ತು. ಆ ನಾಲಿಗೆಯನ್ನು ಬೆಳೆಸಿದವಳು ನಾನು.

ಆದರೂ ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ: ನನಗೆ ಹೆದರಿಕೆಯಿದೆ. ಅವನು ಓದಲು ಹೋದದ್ದು ಅವಳ ಊರಿಗೆ. ಮದುವೆಯಾದದ್ದು ಅವಳ ಮಗಳನ್ನು. ಅವಳ ಕೈಯಡುಗೆ ವರ್ಷಗಟ್ಟಲೆ ತಿಂದಿದ್ದಾನೆ. ಈಗ ನನ್ನ ಮನೆಯಲ್ಲಿ, ನನ್ನ ಮೇಜಿನ ಮುಂದೆ ಕೂತು, ಅತ್ತೆಯ ಬೋರ್ಷೇ ಚೆನ್ನ ಎಂದುಬಿಟ್ಟರೆ ನನಗೇನು ಉಳಿಯಿತು? ರಣರಂಗ ಅವನನ್ನು ಒಯ್ದಿದೆ, ಹೆಂಡತಿ ಒಯ್ದಿದ್ದಾಳೆ, ಅದು ಲೋಕರೂಢಿ. ಸಾರೊಂದಾದರೂ ನನ್ನದು ಇರಲಿ.

ಡಿಸೆಂಬರ್ 9

ಹುಳಿನೀರಿಗೆ ಇಟ್ಟೆ. ದೊಡ್ಡ ಗಾಜಿನ ಜಾಡಿ, ತೊಳೆದು ಹೆಚ್ಚಿದ ಬೀಟ್‌ರೂಟ್, ಕುದಿಸಿ ಆರಿಸಿದ ನೀರು, ಒಂದು ತುಂಡು ರೈ ಬ್ರೆಡ್ಡು. ಬಾಯಿಗೆ ಬಟ್ಟೆ ಕಟ್ಟಿ ಒಲೆಯ ಪಕ್ಕದ ಮೂಲೆಯಲ್ಲಿಟ್ಟಿದ್ದೇನೆ. ಹಬ್ಬದ ಹೊತ್ತಿಗೆ ಒಳ್ಳೆ ಹುಳಿ ಬರುತ್ತದೆ.

ನಾನು ಜಾಡಿ ಇಟ್ಟದ್ದನ್ನು ನೋಡಿ ಬೀಗಿತ್ತಿ ತನ್ನ ಸೂಟ್‌ಕೇಸಿನಿಂದ ಒಂದು ಬಟ್ಟೆಯ ಚೀಲ ತಂದು ಎದುರಿಗಿಟ್ಟಳು. ಮಚ್ಚೆಮಚ್ಚೆ ಬೀನ್ಸ್ ಕಾಳು. ಊರಾಚೆ ಅವಳಿಗೊಂದು ಚೂರು ತೋಟವಿತ್ತಂತೆ, ಅಲ್ಲಿಯದು. ಈಗ ಅಲ್ಲಿ ನೆಲಬಾಂಬು ಹೂತಿದ್ದಾರೆ, ಯಾರೂ ಕಾಲಿಡುವಂತಿಲ್ಲ. ಮನೆ ಬಿಡುವಾಗ ಜನ ಚಿನ್ನ ತರುತ್ತಾರೆ, ಕಾಗದಪತ್ರ ತರುತ್ತಾರೆ. ಇವಳು ಕಾಳು ತಂದಿದ್ದಾಳೆ. ಇಷ್ಟು ದಿನ ಅಂಗಡಿಯ ಕಾಳು ಹಾಕುತ್ತಿದ್ದಳು. ಇದು ಅಳಿಯ ಬಂದಾಗ ಹಾಕಲು.

ಹಬ್ಬದ ಬೋರ್ಷಿಗೆ ನಮ್ಮಲ್ಲಿ ಅಣಬೆ ತುಂಬಿದ ಪುಟ್ಟ ಕಡುಬುಗಳು ಬೀಳುತ್ತವೆ, ಕಿವಿಯ ಆಕಾರದವು. ಕಾಳು ಬೀಳುವುದಿಲ್ಲ. ಇದನ್ನು ಅವಳಿಗೆ ನಿಧಾನವಾಗಿ, ಮರ್ಯಾದೆಯಿಂದ ಹೇಳಿದೆ.

"ಕಿವಿ ತಿಂದು ಹೊಟ್ಟೆ ತುಂಬುತ್ತಾ ಬೀಗ್ರೇ?" ಎಂದಳು.

ಡಿಸೆಂಬರ್ 14

ಚೆಲ್ಲಿಬಿಟ್ಟಿದ್ದಾಳೆ.

ನಾನು ಪೇಟೆಗೆ ಹೋಗಿದ್ದೆ. ಬಂದು ನೋಡಿದರೆ ಜಾಡಿ ತೊಳೆದು ಬೋರಲು ಹಾಕಿದೆ, ಫಳಫಳ ಹೊಳೆಯುತ್ತಿದೆ. ಮೇಲೆ ಬಿಳಿ ಬೂಷ್ಟು ಬಂದಿತ್ತಂತೆ, ಕೆಟ್ಟಿದೆ ಅಂದುಕೊಂಡಳಂತೆ. ಆ ಬಿಳಿಯನ್ನು ಚಮಚದಲ್ಲಿ ತೆಗೆದರೆ ಕೆಳಗೆ ಮಾಣಿಕ್ಯದಂಥ ನೀರು ಇರುತ್ತದೆ, ನಮ್ಮೂರಿನ ಮಕ್ಕಳಿಗೂ ಗೊತ್ತು. ಪಾಪ, ಟ್ರಾಮಿನಲ್ಲಿ ಇದನ್ನೆಲ್ಲ ಕಲಿಸುವುದಿಲ್ಲ.

ಬಾಗಿಲುಗಳನ್ನು ಮಾತ್ರ ಸ್ವಲ್ಪ ಜೋರಾಗಿ ಹಾಕಿದೆ.

ಡಿಸೆಂಬರ್ 15

ಮತ್ತೆ ಹುಳಿನೀರಿಗೆ ಇಟ್ಟೆ. ಈ ಚಳಿಯಲ್ಲಿ ಹಬ್ಬದೊಳಗೆ ಹುಳಿ ಬರುವುದು ಅನುಮಾನ. ಬೀಗಿತ್ತಿ ದಿನವಿಡೀ ನನ್ನ ಹಿಂದೆಯೇ ಓಡಾಡುತ್ತಾ ಕೇಳದೇ ಇದ್ದ ಕೆಲಸವೆಲ್ಲ ಮಾಡಿದಳು. ಕೋಳಿಗೂಡು ತೊಳೆದಳು. ಕೋಳಿಗಳು ಕೂಡ ತಬ್ಬಿಬ್ಬಾಗಿವೆ.

ಡಿಸೆಂಬರ್ 18

ಕರೆಂಟು ಹೋದದ್ದು ಬರುವುದಿಲ್ಲ, ಬಂದದ್ದು ನಿಲ್ಲುವುದಿಲ್ಲ. ನಮ್ಮ ಅಡುಗೆ ಒಲೆ ಕರೆಂಟಿನದು. ಉಳಿದಿರುವುದು ಮನೆ ಬೆಚ್ಚಗಿಡುವ ಹಳೇ ಇಟ್ಟಿಗೆ ಒಲೆ. ಅದರ ಮೇಲೆ ಒಂದೇ ದೊಡ್ಡ ಪಾತ್ರೆಗೆ ಜಾಗ. ಅಂದರೆ ಹಬ್ಬಕ್ಕೆ ಒಂದೇ ಬೋರ್ಷ್.

ಸಂಜೆ ಯಾನಾ ನಮ್ಮಿಬ್ಬರನ್ನೂ ಮೇಜಿಗೆ ಕೂರಿಸಿ ಪಂಚಾಯಿತಿ ಮಾಡಿದಳು. ತೀರ್ಮಾನ ಹೀಗೆ: ಪಾತ್ರೆಯಲ್ಲಿ ನನ್ನ ತಿಳಿಸಾರು. ಅವಳ ಕಾಳು ಬೇರೆ ಬೇಯಿಸಿ ಬೇರೆ ಬಟ್ಟಲಿನಲ್ಲಿ. ನನ್ನ ಕಿವಿಗಡುಬು ಇನ್ನೊಂದು ಬಟ್ಟಲಿನಲ್ಲಿ. ನಜಾರ್ ತನಗೆ ಬೇಕಾದದ್ದನ್ನು ಹಾಕಿಕೊಳ್ಳಲಿ. ಯಾರೂ ಇನ್ನೊಬ್ಬರ ಪಾತ್ರೆಗೆ ಕೈ ಹಾಕಬಾರದು.

ಇಬ್ಬರೂ ಒಪ್ಪಿದೆವು. ಯಾನಾ ಮಾತ್ರ ಯಾಕೋ ಸಪ್ಪಗಿದ್ದಳು. "ಅತ್ತೆ, ಅವರು ಬರ್ತಿದ್ದಾರಲ್ಲ, ಅದೇ ಸಾಕಲ್ವಾ?" ಎಂದಳು. ಸಾಕು ಎಂದೆ. ಸಾಲದು ಎಂದು ಅವಳಿಗೆ ಹೇಗೆ ಹೇಳುವುದು?

ಡಿಸೆಂಬರ್ 21

ಬಂದ.

ತೂಕ ಇಳಿದಿದೆ. ಎಡಗಿವಿ ಸ್ವಲ್ಪ ಮಂದ, ಶರತ್ಕಾಲದಲ್ಲಿ ಶೆಲ್ಲೊಂದು ಹತ್ತಿರ ಸಿಡಿದು ಗೋಡೆಗೆ ತಲೆ ಬಡಿದಿತ್ತಂತೆ. "ಏನಿಲ್ಲಮ್ಮ, ಗಂಟೆ ಹೊಡೆದ ಹಾಗೆ ಇತ್ತು ಎರಡು ದಿನ" ಎಂದು ತೇಲಿಸಿದ. ಗೇಟಿನಲ್ಲಿ ನಿಂತಾಗ ಮೂಗೆತ್ತುತ್ತಾನೇನೋ ಎಂದು ನೋಡಿದೆ. ಒಲೆಯ ಮೇಲೆ ಬೇಕೆಂದೇ ಒಣ ಅಣಬೆ ಕುದಿಯಲು ಇಟ್ಟಿದ್ದೆ, ಬೀದಿಗೆಲ್ಲ ಘಮ. ಅವನು ನೇರ ಒಳಗೆ ಬಂದು ಬೂಟು ಬಿಚ್ಚಿದ. ಸುಸ್ತಾಗಿದ್ದಾನೆ.

ಬೀಗಿತ್ತಿ ಅವನನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಅಳಿಯನೋ ಇವಳ ಸ್ವಂತ ಮಗನೋ.

ಡಿಸೆಂಬರ್ 22

ನಾವಿಬ್ಬರೂ ಹಿತ್ತಲಲ್ಲಿ ಸೌದೆ ಒಟ್ಟುತ್ತಿದ್ದೆವು. ಒಲೆ ನೋಡಿಕೋ ಎಂದು ನಜಾರ್‌ಗೆ ಹೇಳಿದ್ದೆ. ಬಂದು ನೋಡಿದರೆ ಈರುಳ್ಳಿ ಕರಟಿ ಕಲ್ಲಿದ್ದಲಾಗಿದೆ, ಮನೆಯೆಲ್ಲ ಕಮಟು, ಇವನು ಅದೇ ಒಲೆಯ ಪಕ್ಕ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಾನೆ. ಹೊಗೆ ಕಣ್ಣಿಗೆ ಕಂಡ ಮೇಲೆ ಗಾಬರಿಯಾಗಿ ಎದ್ದ. ನಾನು ಸರಿಯಾಗಿ ಬೈದೆ: ಗಂಡಸರು ರಣರಂಗ ಕಾಯುತ್ತಾರೆ, ಬಾಣಲೆ ಕಾಯಲಾರರು. ಅವನು ನಕ್ಕ, ಯಾನಾ ನಗಲಿಲ್ಲ. ಈ ಹುಡುಗಿಗೆ ಹಾಸ್ಯ ಕಡಿಮೆ, ತಾಯಿಗೆ ಹೋಲಿಸಿದರೆ.

ಡಿಸೆಂಬರ್ 24, ಮಧ್ಯಾಹ್ನ

ಮೊದಲ ನಕ್ಷತ್ರಕ್ಕೆ ಕಾಯುತ್ತಾ ಕೂತಿದ್ದೇನೆ. ಅದು ಕಾಣುವವರೆಗೆ ಈ ಮನೆಯಲ್ಲಿ ಯಾರ ಬಾಯಿಗೂ ಏನೂ ಬೀಳುವಂತಿಲ್ಲ. ಅಡುಗೆ ಮಾಡುವವಳಿಗೂ ಅಷ್ಟೇ. ರುಚಿ ನೋಡುವುದೂ ತಿನ್ನುವುದೇ ಎಂದು ನನ್ನಮ್ಮ ಸೌಟು ಕಿತ್ತುಕೊಳ್ಳುತ್ತಿದ್ದಳು. ಹನ್ನೆರಡು ಬಗೆ ಅಡುಗೆ, ಎಲ್ಲ ಕಣ್ಣಂದಾಜಿನಲ್ಲಿ.

ಬೀಗಿತ್ತಿ ಈ ಉಪವಾಸ ತಡೆಯುತ್ತಾಳೆಂದು ನಾನು ನಂಬಿರಲಿಲ್ಲ. "ಟ್ರಾಮ್ ಓಡಿಸೋರು ನಕ್ಷತ್ರ ನೋಡ್ತಾ ಕೂತ್ರೆ ಜನ ಹಳಿ ಕೆಳಗೆ ಹೋಗ್ತಾರೆ," ಎಂದಿದ್ದಳು ಹಿಂದೊಮ್ಮೆ. ಆದರೆ ಬೆಳಗಿನಿಂದ ಒಂದು ತೊಟ್ಟು ಚಹಾ ಕೂಡ ಕುಡಿದಿಲ್ಲ. ನಿಮ್ಮ ಮನೆ, ನಿಮ್ಮ ಪದ್ಧತಿ ಅಂತೆ. ಇಷ್ಟು ವಿಧೇಯತೆ ಇವಳಲ್ಲಿ ಎಲ್ಲಿ ಅಡಗಿತ್ತೋ.

ಹುಳಿನೀರು ನಾನು ಹೆದರಿದ ಹಾಗೇ ಆಯಿತು. ಬಣ್ಣವೇನೋ ಬಂದಿದೆ. ವಾಸನೆ ನೋಡಿದರೆ ಹುಳಿ ಸಾಲದು. ಸಾರು ಸೋಸಿ ಪಾತ್ರೆಗೆ ಹಾಕಿ, ಅಳತೆಗೆ ಉಪ್ಪು ಹಾಕಿ, ಇಗರ್ಜಿಗೆ ಹೋಗಿ ಬಂದೆ. ಪ್ರಾರ್ಥನೆಯ ತುಂಬ ಹುಳಿಯದೇ ಯೋಚನೆ, ದೇವರು ಕ್ಷಮಿಸಲಿ. ಬಂದ ಮೇಲೆ ಬೀಗಿತ್ತಿ ಸೌದೆ ತರಲು ಹೊರಗೆ ಹೋದಳು. ಆಗ ವಿನೆಗರ್ ಬಾಟಲಿ ತೆಗೆದು ಉಳಿದಿದ್ದ ಒಂದು ಬಟ್ಟಲನ್ನು ಪೂರ್ತಿ ಸುರಿದೆ. ಹುಳಿ ಹೆಚ್ಚಾದರೆ ಉಪ್ಪು ಹಿಂದೆ ಬೀಳುತ್ತದೆಂದು ಒಂದು ಹಿಡಿ ಉಪ್ಪನ್ನೂ ಹಾಕಿದೆ. ನನ್ನ ಹುಳಿನೀರಿನ ಬೋರ್ಷಿಗೆ ನಾನು ಜೀವನದಲ್ಲಿ ವಿನೆಗರ್ ಹಾಕಿದವಳಲ್ಲ. ಅದಕ್ಕೆಲ್ಲ ಕಾರಣ ಯಾರು ಎಂದು ಮೇಲೆ ಬರೆದಿದೆ.

ನಜಾರ್ ಕಿಟಕಿಯಲ್ಲಿ ಕೂತು ಆಕಾಶ ನೋಡುತ್ತಿದ್ದಾನೆ, ಸಣ್ಣವನಿದ್ದಾಗ ಕೂರುತ್ತಿದ್ದ ಹಾಗೆಯೇ.

ಡಿಸೆಂಬರ್ 25, ಬೆಳಗ್ಗೆ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ನಕ್ಷತ್ರ ಕಂಡಿತು. ಮೇಣದಬತ್ತಿ ಹಚ್ಚಿದೆವು. ತೀರಿಕೊಂಡ ನಮ್ಮವರಿಗೆಂದು ಒಂದು ತಟ್ಟೆ ಬೇರೆ ಇಟ್ಟೆ. ಗೋಧಿ, ಗಸಗಸೆ, ಜೇನಿನ ಕುತ್ಯಾ ಎಲ್ಲರೂ ಒಂದೊಂದು ಚಮಚ ತಿಂದೆವು. ಆಮೇಲೆ ಬೋರ್ಷ್. ಮೊದಲು ನಜಾರ್‌ಗೆ. ನಾನು ಅವನ ಬಲಕ್ಕೆ, ಬೀಗಿತ್ತಿ ಎಡಕ್ಕೆ, ಇಬ್ಬರೂ ನಿಂತೇ ಇದ್ದೆವು. ಅವನು ಕಿವಿಗಡುಬನ್ನೂ ಹಾಕಿಕೊಂಡ, ಕಾಳನ್ನೂ ಹಾಕಿಕೊಂಡ. ರಾಜಕಾರಣಿ. ಒಂದು ಚಮಚ ಬಾಯಿಗಿಟ್ಟ. ಕಣ್ಣು ಮುಚ್ಚಿದ. ಇನ್ನೊಂದು ಚಮಚ, ಮತ್ತೊಂದು. ತಲೆಯೆತ್ತದೆ ಬಟ್ಟಲು ಖಾಲಿ ಮಾಡಿದ.

"ಅಮ್ಮಾ, ಅತ್ತೆ, ಇಷ್ಟು ಚೆನ್ನಾಗಿರೋ ಬೋರ್ಷ್ ನಾನು ಎಲ್ಲೂ ತಿಂದಿಲ್ಲ. ಇನ್ನೊಂದು ಬಟ್ಟಲು ಹಾಕಿ."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅರ್ಧ ಕಲ್ಲು, ಅತ್ತೆ ಎಂದೂ ಸೇರಿಸಿದ್ದನಲ್ಲ. ಅವನಿಗೆ ಇನ್ನೊಂದು ಬಟ್ಟಲು ಬಡಿಸಿ ನಾವೂ ಕೂತು ಬಡಿಸಿಕೊಂಡೆವು. ಬಾಯಿಗಿಟ್ಟೆ.

ಉಪ್ಪಿನಕಾಯಿ ಜಾಡಿಯ ತಳದಲ್ಲಿ ಉಳಿಯುತ್ತದಲ್ಲ, ಆ ರಸ. ಅದಕ್ಕೂ ಒಂದು ಮರ್ಯಾದೆ ಇರುತ್ತದೆ. ನಾಲಿಗೆ ಸುರುಟಿತು, ಕಣ್ಣಲ್ಲಿ ನೀರು ಬಂತು. ಎದುರಿಗೆ ಬೀಗಿತ್ತಿಯ ಮುಖ ನೋಡಿದೆ. ಅವಳ ಚಮಚ ಬಾಯಿಯೊಳಗೇ ನಿಂತಿತ್ತು. ನಾನು ಕಪಾಟಿನ ವಿನೆಗರ್ ಬಾಟಲಿಯ ಕಡೆ ನೋಡಿದೆ. ಅವಳೂ ಅಲ್ಲಿಗೇ ನೋಡಿದಳು. ಬಾಟಲಿಯಲ್ಲಿ ಒಂದು ತೊಟ್ಟೂ ಉಳಿದಿರಲಿಲ್ಲ.

ಯಾನಾ ಮಾತ್ರ ತಲೆ ತಗ್ಗಿಸಿ, ಏನೂ ಆಗಿಲ್ಲದ ಹಾಗೆ ಒಂದೇ ಸಮನೆ ತಿನ್ನುತ್ತಿದ್ದಳು. ಅವಳ ಕಣ್ಣಿಂದಲೂ ನೀರು ಇಳಿಯುತ್ತಿತ್ತು. ನಜಾರ್ ಎರಡನೆಯ ಬಟ್ಟಲನ್ನೂ ಮುಗಿಸಿ ಬ್ರೆಡ್ಡಿನಿಂದ ತಳ ಒರೆಸಿದ. ಹಬ್ಬದ ಊಟದಲ್ಲಿ ಬಟ್ಟಲಲ್ಲಿ ಬಿಡಬಾರದು. ನಾವು ಮೂವರೂ ಬಿಡಲಿಲ್ಲ.

ಪಾತ್ರೆ ತೊಳೆಯುವಾಗ ಬೀಗಿತ್ತಿ ದನಿ ತಗ್ಗಿಸಿ ಒಪ್ಪಿಕೊಂಡಳು. ಅವಳಿಗೆ ತಗ್ಗಿಸುವ ದನಿಯೊಂದು ಇದೆ ಎಂದು ಆಗಲೇ ತಿಳಿದದ್ದು.

"ನೀವು ಇಗರ್ಜಿಗೆ ಹೋದಾಗ ನಾನು ವಿನೆಗರ್ ಹಾಕ್ದೆ ಬೀಗ್ರೇ. ಉಪ್ಪೂ ಹಾಕ್ದೆ. ನಿಮ್ಮ ಹುಳಿನೀರು ಚೆಲ್ಲಿದ್ದು ನಾನೇ ಅಲ್ವಾ? ಮಗನ ಮುಂದೆ ನಿಮ್ಮ ಸಾರು ಸಪ್ಪೆ ಆಗ್ಬಾರ್ದು ಅಂತ."

"ನಾನೂ ಹಾಕಿದ್ದೆ," ಎಂದೆ.

ಅವಳು ಅರ್ಧ ತೊಳೆದ ಬಟ್ಟಲು ಹಿಡಿದುಕೊಂಡೇ ನಿಂತಳು. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

"ಹಂಗಾದ್ರೆ ಅವನು ಎರಡು ಬಟ್ಟಲು ಹೆಂಗೆ ತಿಂದ?"

ಡಿಸೆಂಬರ್ 26

ನಾನು ಔಷಧಿ ಅಂಗಡಿಯವಳು, ಊಹೆಯ ಮೇಲೆ ಮಾತಾಡುವವಳಲ್ಲ. ನಿದ್ದೆಗೆ ಕುಡಿಯುವ ವಲೇರಿಯನ್ ಹನಿಗಳ ಬಾಟಲಿ ತೆಗೆದುಕೊಂಡೆ. ಅದರ ಮುಚ್ಚಳ ತೆರೆದರೆ ಬೆಕ್ಕು ಓಡಿ ಬರುತ್ತದೆ, ಮನುಷ್ಯರು ಓಡಿ ಹೋಗುತ್ತಾರೆ. ನಜಾರ್ ಕಿಟಕಿಯ ಬಳಿ ಕೂತಿದ್ದ. ಅವನ ಹಿಂದಿನಿಂದ ಹೋಗಿ ತೆರೆದ ಬಾಟಲಿಯನ್ನು ಮೂಗಿನ ಕೆಳಗೆ ತಂದೆ, ಕಣ್ಣಿಗೆ ಕಾಣದ ಹಾಗೆ. ಅವನು ಹಿಮ ನೋಡುತ್ತಾ ಇದ್ದ. ಬೆಕ್ಕು ಬಂತು.

ಬೆಕ್ಕು ಬಂದದ್ದನ್ನು ನೋಡಿ ಅವನು ತಿರುಗಿದ. ನನ್ನ ಕೈ ನೋಡಿದ. ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನೂ ನೋಡಿದ.

"ಯಾನಾ ಹೇಳಿದ್ಲಾ?" ಎಂದ.

ಆ ಶೆಲ್ಲಿನಿಂದ ಆದದ್ದು. ಮೂಗೂ ಹೋಗಿದೆ, ನಾಲಿಗೆಯೂ ಹೋಗಿದೆ. ವಿನೆಗರ್ ಗಂಟಲಿಗೆ ಸ್ವಲ್ಪ ಚುರುಕ್ ಎಂದದ್ದು ಗೊತ್ತಾಯಿತಂತೆ, ಮೆಣಸು ಹಾಕಿದ್ದಾರೆ ಅಂದುಕೊಂಡನಂತೆ. ಡಾಕ್ಟರು ಬರಬಹುದು ಎಂದಿದ್ದಾರೆ, ಬರದೇ ಇರಬಹುದು ಎಂದೂ ಎಂದಿದ್ದಾರೆ. ಯಾನಾಳಿಗೆ ಮಾತ್ರ ಹೇಳಿ, ನಮಗೆ ಹೇಳಬಾರದೆಂದು ಆಣೆ ಹಾಕಿಸಿದ್ದನಂತೆ.

ಯಾಕಪ್ಪಾ ಎಂದು ಕೇಳಿದೆ.

"ಹೇಳಿದ್ರೆ ನೀವು ಜಗಳ ನಿಲ್ಲಿಸ್ತಿದ್ರಿ. ಅಲ್ಲಿ ಎಲ್ಲರೂ ಕಾಯ್ತಾ ಇರ್ತಾರಮ್ಮ, ಇವತ್ತು ಯಾರು ಗೆಲ್ತಾರೆ ಅಂತ. ಸಿಮೆಂಟು ಅಂದಿದ್ದು ಒಂದು ವಾರ ಓಡ್ತು. ನೀವಿಬ್ರೂ ಕಿತ್ತಾಡ್ತಾ ಇದ್ರೆ, ಮನೇಲಿ ಎಲ್ಲಾ ಇದ್ದ ಹಾಗೇ ಇದೆ ಅನ್ಸುತ್ತೆ."

ಬೀಗಿತ್ತಿ ಅಲ್ಲೇ ಹೊಸ್ತಿಲ ಮೇಲೆ ಕೂತಳು. ನಾನು ಒಂದೇ ಪ್ರಶ್ನೆ ಕೇಳಿದೆ. ಕೇಳಬಾರದಿತ್ತು. ಊಟ ಮಾಡುವಾಗ ಏನಾದರೂ ಗೊತ್ತಾಗುತ್ತದೆಯೇ ಎಂದೆ.

ಬಿಸಿ ಗೊತ್ತಾಗುತ್ತದಂತೆ. ಮೆತ್ತಗಿದೆಯೋ ಗಟ್ಟಿಯಿದೆಯೋ ಗೊತ್ತಾಗುತ್ತದಂತೆ. ಅತ್ತೆಯ ಕಾಳು ಹಲ್ಲಿಗೆ ಸಿಗುತ್ತದೆ, ಸಿಪ್ಪೆ ಒಡೆದು ಒಳಗಿನದು ಹಿಟ್ಟಾಗುತ್ತದೆ, ಅದು ಹಿತ ಎಂದ. ನನ್ನ ಸಾರಿನ ಬಗ್ಗೆ ಏನೂ ಹೇಳಲಿಲ್ಲ. ನಾನೇ ಬಿಡದೆ ಕೇಳಿದೆ.

"ಬೇಜಾರು ಮಾಡ್ಕೋಬೇಡಮ್ಮ. ಬಿಸಿ ನೀರು."

ಬೇಜಾರೇನಿಲ್ಲ ಎಂದೆ. ಹಿತ್ತಲಿಗೆ ಹೋಗಿ ಕೋಳಿಗಳಿಗೆ ಕಾಳು ಹಾಕಿದೆ, ಆಗಲೇ ಹಾಕಿದ್ದರೂ.

ಡಿಸೆಂಬರ್ 27

ಏನೂ ಬರೆಯುವ ಮನಸ್ಸಿಲ್ಲ. ಹಿಮ ಬೀಳುತ್ತಿದೆ.

ಡಿಸೆಂಬರ್ 28

ನನ್ನ ಸರದಿ, ಬೋರ್ಷ್ ಮಾಡಿದೆ. ಸೋಸಲಿಲ್ಲ. ಸೋಸುವ ಬಟ್ಟೆ ಒಗೆದದ್ದು ಒಣಗಿರಲಿಲ್ಲ, ಅದಕ್ಕೇ. ಕೋಸು, ಆಲೂಗಡ್ಡೆ ದಪ್ಪದಪ್ಪ ಹೆಚ್ಚಿ ಹಾಕಿದೆ, ಚಾಕು ಮೊಂಡಾಗಿತ್ತು. ಕಾಳು ಕೂಡ ಹಾಕಿದೆ. ಬೇಯಿಸಿದ್ದು ಉಳಿದಿತ್ತು, ಎಸೆಯಲು ಆಗುತ್ತದೆಯೇ? ನಜಾರ್ ಮೂರು ಬಟ್ಟಲು ತಿಂದ. ಒಂದೊಂದು ಕಾಳನ್ನೂ ನಿಧಾನವಾಗಿ ಅಗಿಯುತ್ತಿದ್ದ. ನಾನು ಎದುರಿಗೆ ಕೂತು ಅವನ ದವಡೆ ನೋಡುತ್ತಿದ್ದೆ.

ಬೀಗಿತ್ತಿ ನನ್ನ ಪಾತ್ರೆಗೆ ಚಮಚ ನೆಟ್ಟು ನೋಡಿದಳು. ಅದು ವಾಲಿತು, ಆದರೆ ಬೀಳಲು ಬಹಳ ಹೊತ್ತು ಹಿಡಿಯಿತು. ಅವಳು ಏನೂ ಹೇಳದೆ ಚಮಚ ತೊಳೆದಿಟ್ಟಳು. ಸಭ್ಯತೆ ಕಲಿಯುತ್ತಿದ್ದಾಳೆ.

ಡಿಸೆಂಬರ್ 30

ಹೋದ. ಬಸ್ ನಿಲ್ದಾಣದಲ್ಲಿ ಯಾನಾ ಅಳಲಿಲ್ಲ, ಬಸ್ ತಿರುವು ದಾಟಿದ ಮೇಲೆ ಅತ್ತಳು. ಮನೆಗೆ ಬರುವ ದಾರಿಯಲ್ಲಿ ಮಂಜುಗಡ್ಡೆ ಜಾರುತ್ತಿತ್ತು. ಲಿದಿಯಾ ನನ್ನ ತೋಳು ಹಿಡಿದುಕೊಂಡಳು. ಬೀಳುವವಳು ಅವಳೇ, ಹಿಡಿದದ್ದೂ ಅವಳೇ.

ಜನವರಿ 4

ಫೋನ್ ಇಲ್ಲ. ಅಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಯಾನಾ ಹೇಳುತ್ತಾಳೆ. ಲಿದಿಯಾ ಇವತ್ತು ಬೋರ್ಷ್ ಮಾಡುವಾಗ ಚೀಲದ ತಳದ ಕಾಳನ್ನೂ ಸುರಿಯಲು ಹೊರಟಿದ್ದಳು. ಕೈ ಹಿಡಿದು ನಿಲ್ಲಿಸಿದೆ. ಎಲ್ಲ ಬೇಯಿಸಿಬಿಟ್ಟರೆ ಬಿತ್ತನೆಗೆ ಏನು ಮಾಡುತ್ತೀರಿ ಎಂದು ಗದರಿದೆ. ಎಲ್ಲಿ ಬಿತ್ತಲಿ ಎಂದಳು. ಬೇಲಿಯ ಪಕ್ಕದ ಮಡಿ ಎಷ್ಟೋ ಕಾಲದಿಂದ ಖಾಲಿ ಬಿದ್ದಿದೆ, ಕಳೆ ಬೆಳೆಯುವುದಕ್ಕಿಂತ ಕಾಳು ಬೆಳೆಯಲಿ ಎಂದೆ. ಅಷ್ಟಕ್ಕೇ ಅವಳು ಏಪ್ರನ್‌ನಲ್ಲಿ ಮೂಗು ಒರೆಸಿಕೊಂಡಳು. ನಮ್ಮ ಕಡೆಯವರಿಗೆ ಇಷ್ಟು ಬೇಗ ಅಳು ಬರುವುದಿಲ್ಲ.

ಬಿ.ಪಿ. ನೋಡಿಕೊಳ್ಳಲು ಮರೆತು ಎಷ್ಟು ದಿನವಾಯಿತೋ. ಯಂತ್ರ ಎಲ್ಲಿಟ್ಟೆ ಎಂದೂ ನೆನಪಿಲ್ಲ.

ಜನವರಿ 8

ಮಧ್ಯಾಹ್ನ ಫೋನ್ ಬಂತು.

ಅವನು ಫೋನ್ ಮಾಡಿದ ದಿನ ಏನು ಹೇಳಬೇಕೆಂದು ನಾವಿಬ್ಬರೂ ಮೊದಲೇ ಕೂತು ಮಾತಾಡಿಕೊಂಡಿದ್ದೆವು. ಶುರು ಮಾಡುವವಳು ನಾನು, ಅವಳು ಕೋಸು ಹೆಚ್ಚಿದ ರೀತಿಯಿಂದ. ಅವಳು ನನ್ನ ಕಿವಿಗಡುಬಿಗೆ ಬರಬೇಕು. ನಡುವೆ ಎಲ್ಲಾದರೂ ಟ್ರಾಮ್ ಬರಬೇಕು, ಅದು ಅಲ್ಲಿಯ ಹುಡುಗರಿಗೆ ಬಲು ಇಷ್ಟವಂತೆ.

"ಇವತ್ತು ಯಾರ ಬೋರ್ಷು?" ಎಂದ ನಜಾರ್. ದನಿ ಕೇಳಿದ ಕೂಡಲೇ ನನಗೆ ಕಟ್ಟಿಕೊಂಡದ್ದೆಲ್ಲ ಮರೆತುಹೋಯಿತು. ಬದುಕಿದ್ದಾನೆ ಎನ್ನುವುದೊಂದೇ ತಲೆಯಲ್ಲಿ. ಲಿದಿಯಾ ಮೊಣಕೈಯಿಂದ ತಿವಿದು ಪಿಸುಗುಟ್ಟಿದಳು, "ಕೋಸು, ಕೋಸು."

"ನಿಮ್ಮತ್ತೆದಪ್ಪಾ," ಎಂದೆ ಜೋರಾಗಿ. "ಕೋಸು ಹೆಚ್ಚಿದಾಳೋ, ಸೌದೆ ಸೀಳಿದಾಳೋ ಗೊತ್ತಿಲ್ಲ."

"ಬೀಗ್ರಿಗೆ ಹಲ್ಲಿಲ್ಲ, ಅದಕ್ಕೇ ಕಷಾಯ ಕುಡೀತಾರೆ," ಎಂದಳು ಅವಳು ಫೋನಿಗೆ ಬಾಯಿಟ್ಟು. ಹಲ್ಲಿನ ಮಾತು ನಾವು ಆಡಿಕೊಂಡದ್ದರಲ್ಲಿ ಇರಲಿಲ್ಲ. ನನಗೆ ನಿಜವಾಗಿಯೂ ಸಿಟ್ಟು ಬಂತು. ಟ್ರಾಮ್ ಹಳಿ ತಪ್ಪಿದರೆ ಹೀಗೇ ಎಂದೆ. ಕಿವಿಗಡುಬಿನಲ್ಲಿ ಅಣಬೆ ಹುಡುಕಲು ಭೂತಗನ್ನಡಿ ಬೇಕು ಎಂದಳು. ಆ ಕಡೆ ಒಬ್ಬನಲ್ಲ, ಒಂದು ಗುಂಪೇ ನಗುತ್ತಿತ್ತು, ಯಾರೋ ಚಪ್ಪಾಳೆ ಹೊಡೆದರು. ನಜಾರ್ ಏನನ್ನೋ ಹೇಳಲು ಹೋಗಿ ನಗುವಿನಲ್ಲಿ ಹೇಳಲಾರದೆ ಹೋದ. ಲೈನು ಕಟ್ಟಾಯಿತು.

ಆಮೇಲೆ ಲಿದಿಯಾ ಎದ್ದು ಎರಡು ಬಟ್ಟಲು ಬಡಿಸಿ ತಂದಳು. ಮುಂದಿನ ಸಲಕ್ಕೆ ಹೊಸದೇನಾದರೂ ಯೋಚಿಸಬೇಕು, ಹಲ್ಲು ಒಂದೇ ಸಲಕ್ಕೆ ಆಗುತ್ತದೆ ಎಂದಳು. ಬೆಳ್ಳುಳ್ಳಿ ಇದೆಯಲ್ಲ ಎಂದೆ.

ಕಾಳು ಚೆನ್ನಾಗಿ ಬೆಂದಿತ್ತು. ಅವಳಿಗೆ ಹೇಳಲಿಲ್ಲ.